ಪನಿಯಲ್ಲಿ ಕೂತವರು, ಹಲಗೆಯ ಮೇಲೆ ನಿಂತವರು

ಉಡುಪಿ, ಕಾಪು, ಕಾರ್ಕಳದ ಕಡೆ ಹಿಮ ಬೀಳುವುದಿಲ್ಲ. ನಮಗೆ ಹಿಮ ಅಂದರೆ ಕ್ಯಾಲೆಂಡರಿನ ಚಿತ್ರ, ಇಲ್ಲವೆ ಸಿನಿಮಾದಲ್ಲಿ ನಾಯಕ ನಾಯಕಿ ಹಾಡಿಗೆ ಉರುಳಾಡುವ ಬಿಳಿ ಗುಡ್ಡ. ನಮ್ಮ ನೆಲಕ್ಕೆ ಗೊತ್ತಿರುವುದು ಪನಿ. ಜಾರ್ದೆ, ಪೆರಾರ್ದೆ ತಿಂಗಳ ರಾತ್ರಿ ಗದ್ದೆಬದುವಿನ ಹುಲ್ಲಿನ ಮೇಲೆ ಇಳಿದು, ಬೆಳಿಗ್ಗೆ ಬಿಸಿಲು ಬಂದ ಕೂಡಲೆ ಇಲ್ಲವಾಗುವ ಇಬ್ಬನಿಗೆ ತುಳುವಿನಲ್ಲಿ ಪನಿ ಅಂತ ಹೆಸರು. ಈ ಪನಿಯ ಹೆಸರಿನಲ್ಲೇ ಇಲ್ಲಿ ಒಂದು ಆಚರಣೆ ಇತ್ತು. ಪನಿಕುಲ್ಲುನಿ, ಅಂದರೆ ಇಬ್ಬನಿಯಲ್ಲಿ ಕೂರುವುದು. ಕೂರುತ್ತಿದ್ದವರು ಯಾರು, ಅವರನ್ನು ಕೂರಿಸುತ್ತಿದ್ದವರು ಯಾರು ಎಂಬುದನ್ನು ಹೇಳಲಿಕ್ಕೇ ನಾವು ಈ ಲೇಖನ ಬರೆಯುತ್ತಿದ್ದೇವೆ. ಅಲ್ಲಿಗೆ ಹೋಗುವ ಮೊದಲು ನಿಜವಾದ ಹಿಮದ ನಾಡಿಗೆ ಒಂದು ಸುತ್ತು ಹೋಗಿ ಬರಬೇಕು. ಕಾರಣ ಉಂಟು.

ಪ್ರತಿ ವರ್ಷ ಮೇ ತಿಂಗಳ ರಜೆಗೆ ನಮ್ಮ ಕಡೆಯ ಅನುಕೂಲಸ್ಥ ಸಂಸಾರಗಳು, ಕಾಲೇಜಿನ ಹುಡುಗ ಹುಡುಗಿಯರು ಹಿಮಾಲಯಕ್ಕೆ ಹೋಗುತ್ತಾರೆ. ಒಂದು ಕಾಲಕ್ಕೆ ಮಣ್ಣಪಳ್ಳವಾಗಿದ್ದ ಮಣಿಪಾಲದ ಗುಡ್ಡದಿಂದಲೂ ಹೋಗುತ್ತಾರೆ. ಮನಾಲಿಯಿಂದ ರೋಹ್ತಾಂಗ್ ಘಾಟಿಗೆ ಹತ್ತುವ ದಾರಿಯಲ್ಲಿ ಬಾಡಿಗೆಗೆ ಗಂಬೂಟು, ದಪ್ಪ ಕೋಟು, ಎರಡು ಉದ್ದ ಹಲಗೆ ಸಿಗುತ್ತವೆ. ಹಲಗೆ ಕಾಲಿಗೆ ಕಟ್ಟಿಕೊಂಡು ನಾಲ್ಕು ಮಾರು ಜಾರಿ, ಬಿದ್ದು, ಫೋಟೋ ತೆಗೆಸಿಕೊಂಡು ಬರ್ತಾರೆ. ಕಸೋಲ್ ಕಡೆಯಿಂದ ಸರ್ ಪಾಸ್ ಹತ್ತುವವರು ಹಲಗೆಯೂ ಇಲ್ಲದೆ ಕುಂಡೆಯ ಮೇಲೆ ಕೂತು ಹಿಮದ ಇಳಿಜಾರಿನಲ್ಲಿ ಜರ್ರನೆ ಇಳಿಯುತ್ತಾರೆ. ಮೇ ತಿಂಗಳಲ್ಲಿ ನಮ್ಮ ಊರಿನ ಬಾವಿ ತಳ ಕಾಣುವಾಗ ಅಲ್ಲಿ ಹಿಮದ ಆಟ. ನಾವು ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆಟ ಎಲ್ಲರಿಗೂ ಬೇಕು. ಕೂಲಿಕಾರರ ಮಕ್ಕಳಿಗೂ ಬೇಕು. ನಮ್ಮ ಪ್ರಶ್ನೆ ಬೇರೆ: ಹಲಗೆ ಇಳಿಯುವ ಮೊದಲು ಆ ನೆಲಕ್ಕೆ ಇಳಿದವರು ಯಾರು? ಹಿಮ ಕಡಿದು ದಾರಿ ಮಾಡಿದವರು ಯಾರು?

ಹಿಮಾಚಲ, ಲಡಾಖಿನ ಎತ್ತರದ ರಸ್ತೆಗಳನ್ನು ಕಡಿಯುವವರಲ್ಲಿ ಬಹಳ ಜನ ಜಾರ್ಖಂಡಿನ ದುಮ್ಕಾ ಕಡೆಯ ಸಂತಾಲ ಆದಿವಾಸಿಗಳು. ಗಡಿ ರಸ್ತೆ ಸಂಸ್ಥೆಯ ಕೂಲಿಗಳಾಗಿ ದಶಕಗಳಿಂದ ಹೋಗುತ್ತಿದ್ದಾರೆ. ೨೦೨೦ರಲ್ಲಿ ಲಾಕ್‌ಡೌನಿನ ಕಾಲಕ್ಕೆ ಮನೆಗೆ ಮರಳಿದ್ದ ಈ ಜನರಲ್ಲಿ ೧,೬೦೦ಕ್ಕೂ ಹೆಚ್ಚು ಮಂದಿಯನ್ನು ಜೂನ್ ತಿಂಗಳಲ್ಲೇ ವಿಶೇಷ ರೈಲಿನಲ್ಲಿ ಮತ್ತೆ ಗಡಿಗೆ ಕಳಿಸಿದರು. ಇಡೀ ದೇಶದಲ್ಲಿ ಕೂಲಿಕಾರರು ನಡೆದು ನಡೆದು ಊರು ಸೇರುತ್ತಿದ್ದಾಗ ಇವರು ಮಾತ್ರ ಹಿಮದ ಕಡೆಗೆ ಹೋಗುವ ರೈಲು ಹತ್ತಿದರು. ಯಾಕೆಂದರೆ ಇವರಿಲ್ಲದೆ ರಸ್ತೆ ಇಲ್ಲ. ರಸ್ತೆ ಇಲ್ಲದೆ ಸೈನ್ಯವೂ ಇಲ್ಲ, ಪ್ರವಾಸಿಯೂ ಇಲ್ಲ.

ಇನ್ನು ಸ್ಕೀ ಎಂಬ ಆಟದ ಚರಿತ್ರೆ. ಇದನ್ನು ನಾವು ಯುರೋಪಿನ ಸಾಹುಕಾರರ ಆಟ ಅಂತಲೇ ತಿಳಿದಿದ್ದೇವೆ. ಈಗ ಹೌದು. ಹುಟ್ಟಿನಲ್ಲಿ ಅಲ್ಲ. ನಾರ್ವೆಯ ಜನ ಸಾವಿರಾರು ವರ್ಷಗಳಿಂದ ಹಿಮದಲ್ಲಿ ನಡೆಯಲಿಕ್ಕೆ, ಬೇಟೆಗೆ, ನೆರೆಮನೆಗೆ ಹೋಗಿ ಬರಲಿಕ್ಕೆ ಕಾಲಿಗೆ ಹಲಗೆ ಕಟ್ಟುತ್ತಿದ್ದರು. ಅದನ್ನು ಇವತ್ತಿನ ಆಟದ ರೂಪಕ್ಕೆ ತಂದವರಲ್ಲಿ ಮೊದಲ ಹೆಸರು ಸೊಂದ್ರೆ ನೋರ್ಹೈಮ್. ೧೮೨೫ರಲ್ಲಿ ಟೆಲೆಮಾರ್ಕ್ ಸೀಮೆಯ ಮೊರ್ಗೆಡಾಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಅವನದು ಸ್ವಂತ ಭೂಮಿ ಇಲ್ಲದ ಒಕ್ಕಲು ಕುಟುಂಬ. ಯಜಮಾನನ ನೆಲದ ಮೂಲೆಯಲ್ಲಿ ಒಂದು ಗುಡಿಸಲು, ಅದಕ್ಕೆ ಬದಲಾಗಿ ಯಜಮಾನನ ಹೊಲದಲ್ಲಿ ದುಡಿಮೆ. ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈತ ಮರದ ಬೇರನ್ನು ತಿರುಚಿ ಹಿಮ್ಮಡಿಗೆ ಗಟ್ಟಿ ಕಟ್ಟು ಮಾಡಿದ. ಹಲಗೆಯ ನಡುವನ್ನು ಸಪೂರ ಮಾಡಿದ. ಆಗ ಹಲಗೆ ತಿರುಗಿಸಿದ ಕಡೆ ತಿರುಗಿತು. ೧೮೬೮ರಲ್ಲಿ ರಾಜಧಾನಿಗೆ ಹೋಗಿ ಪಟ್ಟಣದ ಜನರೆದುರು ಜಾರಿ ತೋರಿಸಿದ. ಎಲ್ಲರೂ ಭೇಷ್ ಅಂದರು. ಹೊಟ್ಟೆಗೇನು? ೧೮೮೪ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ವಲಸೆ ಹೋದ. ೧೮೯೭ರಲ್ಲಿ ಉತ್ತರ ಡಕೋಟದ ಬಯಲಿನಲ್ಲಿ ಬಡವನಾಗಿಯೇ ಸತ್ತ. ಎಷ್ಟೋ ವರ್ಷ ಅವನ ಗೋರಿಯ ಮೇಲೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ಅವನ ಆಟ ಮಾತ್ರ ಆಲ್ಪ್ಸ್ ಬೆಟ್ಟಕ್ಕೆ ಹೋಗಿ ಹೋಟೆಲುಗಳ ಆಟವಾಯಿತು, ತಂತಿಗಾಡಿಗಳ ಆಟವಾಯಿತು. ಬ್ರಿಟಿಷ್ ಅಧಿಕಾರಿಗಳ ಜತೆ ಕಾಶ್ಮೀರದ ಗುಲ್ಮರ್ಗಿಗೂ ಬಂತು.

ಬೇಸಿಗೆಯ ಸ್ಕೀ ಅಂತ ಇನ್ನೊಂದು ಬಗೆ ಉಂಟು. ಕಣಿವೆಯ ಹಿಮ ಕರಗಿ ಹುಲ್ಲು ಬಂದ ಮೇಲೂ ಆಟದ ಚಪಲ ತೀರದವರು ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ನಸುಕಿನಲ್ಲೇ ಮೇಲಕ್ಕೆ ನಡೆಯುತ್ತಾರೆ. ಅಲ್ಲಿ ಹಳೆಯ ಹಿಮದ ಬಯಲು ಉಂಟು, ಅದಕ್ಕೂ ಮೇಲೆ ಹಿಮನದಿ. ರಾತ್ರಿ ಕಲ್ಲಿನಂತೆ ಗಟ್ಟಿಯಾದ ಹಿಮ ಬಿಸಿಲೇರುವಾಗ ಮೇಲ್ಪದರದಲ್ಲಿ ಅರ್ಧ ಅಂಗುಲ, ಒಂದು ಅಂಗುಲ ಮೆತ್ತಗಾಗುತ್ತದೆ. ಜಾರಲಿಕ್ಕೆ ಅದೇ ಹೊತ್ತು. ಹಲಗೆಗೂ ಹಿಮಕ್ಕೂ ನಡುವೆ ತೆಳ್ಳನೆ ನೀರಿನ ಪೊರೆ, ಅದೇ ಜಾರಿಸುವುದು. ಇನ್ನೊಂದು ಗಂಟೆ ತಡವಾದರೆ ಹಿಮ ಗಂಜಿಯಾಗುತ್ತದೆ, ಕಾಲು ಹೂತುಹೋಗುತ್ತದೆ. ಆಮೇಲೆ ಹಿಮದಡಿಯ ಬಿರುಕುಗಳು ಬಾಯಿ ತೆರೆಯುತ್ತವೆ. ಕಂಬಳ ನೋಡಿದವರಿಗೆ ಈ ಲೆಕ್ಕ ಹೊಸತಲ್ಲ. ಕರೆಯಲ್ಲಿ ನೀರು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾಗಿ ಕೆಸರು ಅಂಟಾದರೂ ಕೆಟ್ಟಿತು.

ಈ ಹಿಮದ ಬಯಲುಗಳು ಈಗ ಸಾಯುತ್ತಿವೆ. ಬೊಲಿವಿಯದ ಆಡಳಿತ ರಾಜಧಾನಿ ಲಾ ಪಾಸ್ ಬಳಿ ಚಕಾಲ್ತಾಯ ಎಂಬ ಬೆಟ್ಟ. ಐದು ಸಾವಿರ ಮೀಟರಿಗೂ ಎತ್ತರದಲ್ಲಿದ್ದ ಅದರ ಹಿಮನದಿಯ ಮೇಲೆ ೧೯೪೦ರ ಸುಮಾರಿನಿಂದ ಸ್ಕೀ ನಡೆಯುತ್ತಿತ್ತು. ಜಗತ್ತಿನಲ್ಲೇ ಅತ್ಯಂತ ಎತ್ತರದ ಸ್ಕೀ ಜಾಗ ಅಂತ ಖ್ಯಾತಿ. ಅಲ್ಲಿ ಬೇಸಿಗೆಯೇ ಮಳೆಗಾಲ, ಬೇಸಿಗೆಯಲ್ಲೇ ಹಿಮ ಬೀಳುವುದು. ನವೆಂಬರಿನಿಂದ ಮಾರ್ಚಿನವರೆಗೆ ಆಟ, ಸರಿಯಾಗಿ ನಮ್ಮ ಕಂಬಳದ ತಿಂಗಳುಗಳು. ೨೦೧೫ರ ತನಕ ಉಳಿದೀತು ಅಂತ ವಿಜ್ಞಾನಿಗಳು ಹೇಳಿದ್ದರು. ೨೦೦೯ಕ್ಕೇ ಮುಗಿಯಿತು. ಸುಮಾರು ಹದಿನೆಂಟು ಸಾವಿರ ವರ್ಷದ ಹಿಮನದಿ ಅದು. ಆಡಲು ಬಂದವರು ಬೇರೆ ಬೆಟ್ಟ ಹುಡುಕಿಕೊಂಡರು. ಬೆಟ್ಟದ ಕೆಳಗಿನ ಐಮಾರಾ ಮೂಲನಿವಾಸಿಗಳು ಎಲ್ಲಿಗೆ ಹೋಗಬೇಕು? ೨೦೨೨ರ ಜುಲೈ ೩ರಂದು ಇಟಲಿಯ ಮಾರ್ಮೊಲಾಡ ಹಿಮನದಿಯ ಒಂದು ತುಂಡು ಕುಸಿದು ಹನ್ನೊಂದು ಜನ ಸತ್ತರು. ನಮ್ಮ ಹಿಮಾಲಯದ ಮಾತು ಕೇಳುವುದಾದರೆ, ಕಠ್ಮಂಡುವಿನ ಇಸಿಮೋಡ್ ಸಂಸ್ಥೆ ೨೦೧೯ರ ವರದಿಯಲ್ಲಿ ಹೇಳಿದ್ದು ಇಷ್ಟು: ಭೂಮಿಯ ಬಿಸಿಯನ್ನು ಒಂದೂವರೆ ಡಿಗ್ರಿಗೆ ತಡೆದರೂ ಈ ಶತಮಾನ ಮುಗಿಯುವುದರೊಳಗೆ ಹಿಂದೂಕುಶ ಹಿಮಾಲಯದ ಹಿಮನದಿಗಳಲ್ಲಿ ಮೂರರಲ್ಲೊಂದು ಪಾಲು ಇಲ್ಲವಾಗುತ್ತದೆ. ರೋಹ್ತಾಂಗ್ ದಾರಿಯಲ್ಲಿ ದಿನಕ್ಕೆ ಇಷ್ಟೇ ವಾಹನ ಹೋಗಬೇಕು ಅಂತ ಹಸಿರು ನ್ಯಾಯಮಂಡಳಿ ಮಿತಿ ಹಾಕಬೇಕಾಗಿ ಬಂತು. ವಾಹನಗಳ ಹೊಗೆಯ ಮಸಿ ಕೂತ ಹಿಮ ಬೇಗ ಕರಗುತ್ತದೆ.

ಹಿಮ ಕರಗುವುದನ್ನು ಅಳೆಯುವವರಿದ್ದಾರೆ. ಉಪಗ್ರಹವೇ ಉಂಟು. ನಮ್ಮ ಕರಾವಳಿಯಲ್ಲಿ ಕರಗುತ್ತಿರುವುದು ಬೇರೆ. ಅದಕ್ಕೆ ಈಗ ಬರೋಣ.

ಕಂಬಳ ಗೊತ್ತಿಲ್ಲದ ಬಯಲುಸೀಮೆಯ ಗೆಳೆಯರಿಗಾಗಿ ಎರಡು ಮಾತು. ನೀರು ನಿಲ್ಲಿಸಿ ಕೆಸರು ಮಾಡಿದ ಉದ್ದನೆಯ ಓಟದ ಕಣಕ್ಕೆ ಕರೆ ಅಂತಾರೆ. ಹೊರಡುವ ತುದಿ ಗಂತು, ಮುಟ್ಟುವ ಏರು ತುದಿ ಮಂಜೊಟ್ಟಿ. ಪಕ್ಕಪಕ್ಕದಲ್ಲಿ ಎರಡು ಕರೆ ಇದ್ದರೆ ಜೋಡುಕರೆ. ಕಾರ್ಕಳದ ಮಿಯ್ಯಾರಿನಲ್ಲಿ ಲವ-ಕುಶ ಜೋಡುಕರೆ, ಕಾಪು ತಾಲೂಕಿನ ಕಟಪಾಡಿಯಲ್ಲಿ ಮೂಡು-ಪಡು ಜೋಡುಕರೆ, ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ. ಕೋಣಗಳ ಜೋಡಿಗೆ ನೊಗ ಕಟ್ಟಿ ಹಿಂದೆ ಒಬ್ಬ ಓಡುತ್ತಾನೆ. ಬರೀ ಹಗ್ಗ ಹಿಡಿದು ಓಡುವುದು ಹಗ್ಗದ ವಿಭಾಗ, ಹಗುರ ನೇಗಿಲು ಕಟ್ಟಿದರೆ ನೇಗಿಲು. ಉಳಿದ ಎರಡು ಹಲಗೆಯವು: ಅಡ್ಡ ಹಲಗೆ ಮತ್ತು ಕನೆ ಹಲಗೆ. ಓಡಿಸುವವನು ಕೋಣದ ಹಿಂದಿನ ಹಲಗೆಯ ಮೇಲೆ ನಿಂತು, ಕೆಸರುನೀರಿನ ಮೇಲೆ ಜಾರುತ್ತಾ ಬರುತ್ತಾನೆ. ಕನೆ ಹಲಗೆಯಲ್ಲಿ ತೂತುಗಳಿರುತ್ತವೆ. ಹಲಗೆ ನೀರನ್ನು ಒತ್ತಿಕೊಂಡು ಹೋಗುವಾಗ ಆ ತೂತುಗಳಿಂದ ನೀರು ಕಾರಂಜಿಯಂತೆ ಮೇಲಕ್ಕೆ ಚಿಮ್ಮಬೇಕು. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ನಿಶಾನೆಗೆ ಆ ನೀರು ಮುಟ್ಟಬೇಕು. ಇಲ್ಲಿ ವೇಗದ ಲೆಕ್ಕವಿಲ್ಲ, ನೀರು ಹಾರಿದ ಎತ್ತರದ ಲೆಕ್ಕ. ನೋಡಲಿಕ್ಕೆ ಚಂದವೇ. ನಾವೂ ಗುಂಪಿನಲ್ಲಿ ನಿಂತು ಬಾಯಿ ಬಿಟ್ಟು ನೋಡಿದವರೇ.

ಆದರೆ ಹಿಂದಿನ ಕಾಲದಲ್ಲಿ ಈ ಆಟ ಬೆಳಿಗ್ಗೆ ಶುರುವಾಗುತ್ತಿರಲಿಲ್ಲ, ಹಿಂದಿನ ರಾತ್ರಿಯೇ ಶುರುವಾಗುತ್ತಿತ್ತು. ಬೀಡಿನ, ಗುತ್ತಿನ ಮನೆಯಿಂದ ಹೇಳಿಕೆ ಹೋಗುತ್ತಿತ್ತು. ಕೊರಗರು ಬರಬೇಕು. ಡೋಲು, ಕೊಳಲು ತರಬೇಕು. ರಾತ್ರಿಯಿಡೀ ಕಂಬಳದ ಗದ್ದೆಯ ಬದಿಯಲ್ಲಿ ಪನಿ ಬೀಳುವಾಗ ತೆರೆದ ಆಕಾಶದಡಿ ಕೂರಬೇಕು, ಡೋಲು ಬಡಿಯಬೇಕು, ಹಾಡಬೇಕು. ಅದೇ ಪನಿಕುಲ್ಲುನಿ. ಬೆಳಗಾದ ಮೇಲೆ ಕೋಣ ಇಳಿಯುವ ಮೊದಲು ಇವರು ಕರೆಗೆ ಇಳಿಯಬೇಕು. ಕೋಣದಂತೆ ಓಡಬೇಕು. ಕೆಸರಿನಲ್ಲಿ ಮುಳ್ಳು, ಚೂಪುಗಲ್ಲು, ಗಾಜಿನ ಚೂರು ಇದ್ದರೆ ಮೊದಲು ಅವರ ಕಾಲಿಗೆ ತಾಗಬೇಕು. ಯಜಮಾನನ ಕೋಣದ ಗೊರಸು ಉಳಿಯಬೇಕು. ಆ ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಬಿಸಿನೀರು ಮೀಸಿ ಸಾಕಿದ್ದಾರೆ. ಕೊರಗನ ಕಾಲಿಗೆ ಯಾರು ಎಣ್ಣೆ ತಿಕ್ಕಿದ್ದರು? ಅದಕ್ಕೆ ಕ್ರಯವೇ ಇರಲಿಲ್ಲ.

ಈ ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. "ಎಂಥ ಮಾರಾಯ್ರೆ, ಅದು ಅವರಿಗೆ ಕೊಟ್ಟ ಮರ್ಯಾದೆ. ಕೊರಗರ ಕಾಲು ತಾಗದೆ ಕರೆ ಶುದ್ಧವಾಗುವುದಿಲ್ಲ ಅಂತ ನಂಬಿಕೆ. ಅವರು ಭೂಮಿಯ ಮೂಲದವರು ಅಂತ ಒಪ್ಪಿಕೊಂಡ ಹಾಗೆ ಅಲ್ಲವಾ?" ಅಂತ ಕೇಳುತ್ತಾರೆ. ಓದಿದವರೇ ಕೇಳುತ್ತಾರೆ. ಜಾನಪದದ ಹೆಸರಿನಲ್ಲೂ ಕೇಳುತ್ತಾರೆ. ಸರಿ. ಮರ್ಯಾದೆಯಾಗಿದ್ದರೆ ಯಜಮಾನನ ಮಗ ಒಂದು ಸಲವಾದರೂ ಆ ಮರ್ಯಾದೆಯನ್ನು ಯಾಕೆ ಪಡೆಯಲಿಲ್ಲ? ಇಷ್ಟು ಮರ್ಯಾದೆಯವರನ್ನು ಅಂಗಳದಾಚೆ ಯಾಕೆ ನಿಲ್ಲಿಸಿದರು? ಅವರ ಉಗುಳು ನೆಲಕ್ಕೆ ಬೀಳಬಾರದು ಅಂತ ಕುತ್ತಿಗೆಗೆ ಅಂಡೆ ಕಟ್ಟಿಸಿದ್ದು ಯಾಕೆ? ಅಂಡೆ ಕೊರಗರು ಎಂಬ ಹೆಸರೇ ಬ್ರಿಟಿಷರ ದಾಖಲೆಗಳಲ್ಲಿ ಉಂಟು. ೧೯೦೯ರಲ್ಲಿ ಥರ್ಸ್ಟನ್ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ವಿವರ ಅಚ್ಚು ಹಾಕಿಸಿದ. ಅದರಲ್ಲಿ ಕಂಬಳದ ವರ್ಣನೆ ಬಂಟರ ಅಧ್ಯಾಯದಲ್ಲಿ ಬರುತ್ತದೆ, ಕೊರಗರ ಅಧ್ಯಾಯ ಬೇರೆ. ಆಟ ಯಜಮಾನರದು, ಅವಮಾನ ಕೊರಗರದು ಅಂತ ಪುಸ್ತಕದ ಪುಟಗಳೇ ಪಾಲು ಮಾಡಿಕೊಂಡ ಹಾಗೆ.

ಕೊರಗರು ತಮ್ಮ ಬಗ್ಗೆ ಹೇಳುವ ಕತೆ ಬೇರೆ ಉಂಟು. ಹುಬಾಶಿಕ ಎಂಬ ಅವರ ದೊರೆ ಒಂದು ಕಾಲಕ್ಕೆ ಈ ಸೀಮೆ ಆಳುತ್ತಿದ್ದ, ಮೋಸದಿಂದ ಅವನನ್ನು ಕೊಂದು ಜನರನ್ನು ಕಾಡಿಗೆ ಓಡಿಸಿದರು ಎಂಬ ಐತಿಹ್ಯ. ಇತಿಹಾಸಕಾರರು ಇದಕ್ಕೆ ಶಾಸನ ಕೇಳುತ್ತಾರೆ. ಶಾಸನ ಕೆತ್ತಿಸಲಿಕ್ಕೆ ಕಲ್ಲೂ ಬೇಕು, ಗೆದ್ದಿರಲೂ ಬೇಕು. ಸೋತವರ ಬಳಿ ಇದ್ದದ್ದು ಡೋಲು ಮತ್ತು ನೆನಪು. ೧೮೦೧ರಲ್ಲಿ ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ, ಕಾರ್ಕಳ, ಉಡುಪಿ ಹಾದು ಹೋದ. ಬೇಸಾಯದಲ್ಲಿ ದುಡಿಯುವ ಜೀತದಾಳುಗಳನ್ನು ಭೂಮಿಯ ಜತೆಗೆ ಮಾರುವ, ಕೊಳ್ಳುವ, ಅಡವಿಡುವ ಪದ್ಧತಿಯನ್ನು ಬರೆದಿಟ್ಟ. ೧೮೪೩ರ ಕಾಯ್ದೆ ಜೀತವನ್ನು ಕಾಗದದಲ್ಲಿ ಇಲ್ಲವಾಗಿಸಿತು. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ ಮಿಶನ್ ಕಟ್ಟಿದರು, ಶಾಲೆ ತೆರೆದರು, ಜಾತಿಯವರಿಂದ ಬಹಿಷ್ಕಾರವನ್ನೂ ಉಂಡರು. ಸಂವಿಧಾನದ ೧೭ನೇ ವಿಧಿ ೧೯೫೦ರಲ್ಲಿ ಬಂತು. ಕರೆಯ ಕೆಸರಿಗೆ ಇದ್ಯಾವುದೂ ಇಳಿಯಲಿಲ್ಲ.

ಇಲ್ಲಿ ೧೯೭೪ರ ಬಗ್ಗೆ ಸ್ವಲ್ಪ ನಿಲ್ಲಬೇಕು. ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಯಾದಾಗ ಇಡೀ ಕರ್ನಾಟಕದಲ್ಲಿ ಅದರ ಬಿಸಿ ಹೆಚ್ಚು ತಾಗಿದ್ದು ನಮ್ಮ ಜಿಲ್ಲೆಗೆ. ಯಾಕೆಂದರೆ ಗೇಣಿ ಬಹಳ ದಟ್ಟವಾಗಿದ್ದ ಜಿಲ್ಲೆ ಇದು. ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯೂನಲ್ಲಿನ ಎದುರು ಧಣಿಯ ಮುಖ ನೋಡಿ ಮಾತಾಡಿದರು, ಭೂಮಿ ಪಡೆದರು. ಬೀಡು ಗುತ್ತುಗಳ ಬೆನ್ನು ಮುರಿಯಿತು. ಇದನ್ನು ನಾವು ಯಾವತ್ತೂ ಸಣ್ಣದು ಮಾಡುವುದಿಲ್ಲ. ಆದರೆ ಡಿಕ್ಲರೇಶನ್ ಕೊಡಲಿಕ್ಕೆ ಗೇಣಿದಾರನಾಗಿರಬೇಕು. ಕೊರಗನಿಗೆ ಗೇಣಿಗೂ ಭೂಮಿ ಕೊಟ್ಟವರಿಲ್ಲ. ಅವನು ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದ, ಸತ್ತ ದನ ಎಳೆದ, ಕರೆದಾಗ ಡೋಲು ಬಡಿದ, ಪಟ್ಟಣದಲ್ಲಿ ಕಕ್ಕಸು ಬಳಿದ. ಉಳುವವನಿಗೆ ಹೊಲ ಬಂತು. ಉಳುವವನಿಗಿಂತ ಕೆಳಗಿದ್ದವನಿಗೆ ಪನಿ ಹಾಗೆಯೇ ಉಳಿಯಿತು. ಭೂಮಿ ಪಡೆದ ಹೊಸ ಒಡೆಯರ ಗದ್ದೆಯಲ್ಲೂ ಅಜಲು ನಿಲ್ಲಲಿಲ್ಲ. ಇದನ್ನು ಹೇಳುವಾಗ ನಮ್ಮ ಶೂದ್ರ ಗೆಳೆಯರು ಕೆಲವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಅಜಲು ಅಂದರೇನು? ಪುಕ್ಕಟೆ ಚಾಕರಿಯೂ ಹೌದು, ಅದಕ್ಕಿಂತ ಹೀನವೂ ಹೌದು. ಗಂಡಾಂತರ ಕಳೆಯಲಿಕ್ಕೆ ಅಂತ ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು ಅಜಲು. ಮನೆಯ ಅನಿಷ್ಟ ಆ ತುತ್ತಿನ ಜತೆ ಕೊರಗನ ಹೊಟ್ಟೆಗೆ ಹೋಗಬೇಕು. ಇವು ನಾವು ಕೋಪದಲ್ಲಿ ಕಟ್ಟಿದ ಮಾತುಗಳಲ್ಲ. ಕರ್ನಾಟಕದ ಶಾಸಕಾಂಗ ೨೦೦೦ದಲ್ಲಿ ಮಾಡಿದ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ತೆಗೆದು ಓದಿ. ಅಜಲು ಅಂದರೆ ಏನೇನು ಅಂತ ಅದರಲ್ಲೇ ಬರೆದಿದೆ. ಕೂಲಿ ಕೊಡದೆ ದುಡಿಸುವುದು, ಕೀಳು ಮನುಷ್ಯರೆಂದು ನಡೆಸಿಕೊಳ್ಳುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು. ೨೦೦೦ ಇಸವಿ! ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಬಂದು ೪೭ ವರ್ಷವಾಗಿತ್ತು. ಮನುಷ್ಯರನ್ನು ಕೋಣದಂತೆ ಓಡಿಸಬಾರದು ಅಂತ ವಿದ್ಯಾವಂತರ ಜಿಲ್ಲೆಗಳಿಗಾಗಿ ಪ್ರತ್ಯೇಕ ಕಾನೂನು ಬರೆಯಬೇಕಾಯಿತು.

ಕಾನೂನು ಆಕಾಶದಿಂದ ಬೀಳಲಿಲ್ಲ. ೧೯೯೩ರ ಆಗಸ್ಟ್ ೧೮ರಂದು ಕೊರಗರು ಮಂಗಳೂರಿನಲ್ಲಿ ಮೆರವಣಿಗೆ ಹೊರಟು ಭೂಮಿ ಕೇಳಿದರು. ಸರ್ಕಾರ ಅಧ್ಯಯನಕ್ಕೆ ನೇಮಿಸಿದ ಡಾ. ಮಹಮ್ಮದ್ ಪೀರ್ ೧೯೯೪ರ ತಮ್ಮ ವರದಿಯಲ್ಲಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿ ಭೂಮಿ ಕೊಡಬೇಕು ಎಂದರು. ಕೊರಗ ಸಂಘಗಳ ಒಕ್ಕೂಟ ಹಾಡಿ ಹಾಡಿಗೂ ಹೋಗಿ ಅಜಲಿಗೆ ಹೋಗಬೇಡಿ, ಅವಮಾನದ ಡೋಲು ಬಡಿಯಬೇಡಿ ಅಂತ ಹೇಳಿತು. ಡೋಲನ್ನು ಬಿಡಲಿಲ್ಲ, ಅದನ್ನು ತಮಗಾಗಿ ಬಡಿದುಕೊಂಡರು. ಆ ಆಗಸ್ಟ್ ೧೮ ಇವತ್ತು ಅವರ ಭೂಮಿ ಹಬ್ಬದ ದಿನ.

ಅತ್ತ ಕಂಬಳಕ್ಕೂ ಕಷ್ಟ ಬಂತು. ೨೦೧೪ರ ಮೇ ೭ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. ೨೦೧೬ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ. ೨೦೧೭ರ ಜನವರಿಯಲ್ಲಿ ಕರಾವಳಿಯ ಜನ ಕೋಣಗಳ ಸಮೇತ ಬೀದಿಗಿಳಿದರು. ಅದೇ ವರ್ಷ ವಿಧಾನಮಂಡಲ ತಿದ್ದುಪಡಿ ಮಾಡಿತು. ೨೦೨೩ರ ಮೇ ೧೮ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಕ್ಕೆ ಹೊಡೆಯುವುದು ಕ್ರೌರ್ಯ ಹೌದೋ ಅಲ್ಲವೋ ಎಂದು ಒಂಬತ್ತು ವರ್ಷ ದೇಶದ ದೊಡ್ಡ ದೊಡ್ಡ ವಕೀಲರು ವಾದಿಸಿದರು. ವಾದಿಸಲಿ, ಮೂಕಪ್ರಾಣಿಯ ನೋವೂ ನೋವೇ. ನಮ್ಮ ಸಂಸ್ಕೃತಿ, ನಮ್ಮ ಹೆಮ್ಮೆ ಅಂತ ಬೀದಿಗಿಳಿದ ಆ ಸಾವಿರಾರು ಜನರಲ್ಲಿ ಎಷ್ಟು ಮಂದಿ ೨೦೦೦ದ ಕಾಯ್ದೆಯ ಹೆಸರು ಕೇಳಿದ್ದರು ಅಂತ ಮಾತ್ರ ನಾವು ಕೇಳುತ್ತೇವೆ.

೨೦೨೦ರ ಫೆಬ್ರವರಿ ೧ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ೧೪೨.೫ ಮೀಟರ್ ಕರೆಯನ್ನು ೧೩.೬೨ ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ ೯.೫೫ ಸೆಕೆಂಡ್, ಉಸೇನ್ ಬೋಲ್ಟನ ೯.೫೮ಕ್ಕಿಂತ ಕಡಿಮೆ ಅಂದರು. ದೆಹಲಿಯ ಮಂತ್ರಿಗಳು ಓಡಿ ಬಂದರು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಆ ಯುವಕ ಮಾತ್ರ, ಕೋಣ ಎಳೆಯುವಾಗಿನ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂಬ ಸತ್ಯ ತಿಳಿದು ಸುಮ್ಮನೆ ತನ್ನ ಪಾಡಿಗಿದ್ದರು. ಅವರ ವಿವೇಕಕ್ಕೆ ನಮ್ಮ ನಮಸ್ಕಾರ. ಇವತ್ತು ಕಂಬಳದ ಓಟಗಾರರಲ್ಲಿ ಹೆಚ್ಚಿನವರು ದುಡಿಯುವ ಮನೆಯ ಹುಡುಗರು. ಮಿಯ್ಯಾರಿನಲ್ಲಿ ಅವರಿಗೆ ತರಬೇತಿ ಕೊಡುವ ಅಕಾಡೆಮಿಯೂ ಉಂಟು. ಒಳ್ಳೆಯದು. ಆದರೆ ದೇಶಕ್ಕೆ ಬೋಲ್ಟ್ ನೆನಪಾದ. ಬಹುಮಾನವಿಲ್ಲದೆ, ಗಡಿಯಾರವಿಲ್ಲದೆ ಅಂಥ ಕೆಸರಿನಲ್ಲೇ ತಲೆತಲಾಂತರ ಓಡಿದವರು ಯಾರಿಗೂ ನೆನಪಾಗಲಿಲ್ಲ.

೨೦೨೧ರ ಡಿಸೆಂಬರ್ ೨೭ರ ರಾತ್ರಿ ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ ಕೊರಗ ಹುಡುಗನೊಬ್ಬನ ಮೆಹಂದಿ. ಅಂಗಳದಲ್ಲಿ ಹಾಡು ಹಾಕಿ ಕುಣಿಯುತ್ತಿದ್ದರು. ಸದ್ದು ಜೋರಾಯಿತು ಅಂತ ಪೊಲೀಸರು ಬಂದು ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು. ಆಮೇಲೆ ಠಾಣಾಧಿಕಾರಿಯ ಅಮಾನತು, ಮಂತ್ರಿಗಳ ಭೇಟಿ ಎಲ್ಲ ಆಯಿತು. ಯಜಮಾನನ ಗದ್ದೆಯಲ್ಲಿ ರಾತ್ರಿಯಿಡೀ ಡೋಲು ಬಡಿಯಬೇಕಾಗಿದ್ದ ಜನ ತಮ್ಮದೇ ಮದುವೆಗೆ ತಮ್ಮದೇ ಅಂಗಳದಲ್ಲಿ ಸದ್ದು ಮಾಡಿದ್ದು ಅಪರಾಧವಾಯಿತು. ಅದೇ ಊರುಗಳಲ್ಲಿ ಕಾರಿನ ಗಾಜಿನ ಮೇಲೆ ಕೊರಗಜ್ಜನ ಚಿತ್ರ ಅಂಟಿಸಿಕೊಳ್ಳುತ್ತಾರೆ. ಕಳೆದುಹೋದ ಬಂಗಾರ ಸಿಗಲಿ ಅಂತ ಅಜ್ಜನಿಗೆ ಚಕ್ಕುಲಿ, ಕಳ್ಳು, ವೀಳ್ಯ ಹರಕೆ ಹೇಳುತ್ತಾರೆ. ದೈವವಾದ ಕೊರಗ ಬೇಕು. ಪಕ್ಕದ ಸೈಟಿನ ಕೊರಗ ಬೇಡ.

೨೦೨೩ರ ನವೆಂಬರ್ ೨೫, ೨೬ರಂದು ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಯಿತು. ಗದ್ದೆಯೇ ಇಲ್ಲದ ಜಾಗದಲ್ಲಿ ಕರೆ ಕಟ್ಟಿದರು, ಲಾರಿಗಳಲ್ಲಿ ಕೋಣ ಹೋದವು. ಇತ್ತ ಉಡುಪಿ, ಕಾಪುವಿನ ಹೆದ್ದಾರಿ ಬದಿಯಲ್ಲಿ ಗದ್ದೆಗೆ ಮಣ್ಣು ತುಂಬಿ ಸೈಟಾಗುತ್ತಿದೆ. ಹಡಿಲು ಬಿದ್ದ ಬೈಲುಗಳು ಮಣಿಪಾಲದ ಸುತ್ತಲೂ ಕಾಣುತ್ತವೆ. ಹಿಮ ಕರಗಿದ ಮೇಲೆ ಯಂತ್ರದಿಂದ ಹಿಮ ಮಾಡಿ ಇಳಿಜಾರಿಗೆ ಹರಡುವ ಆಲ್ಪ್ಸಿನ ಊರುಗಳ ಹಾಗೆಯೇ ಇದು. ನೆಲ ಹೋದರೂ ಆಟ ನಡೆಯುತ್ತದೆ. ಹಣ ಇದ್ದರೆ ಸಾಕು.

ಕರಗುತ್ತಿರುವುದು ಬೇರೆ ಅಂದೆವಲ್ಲ, ಆ ಲೆಕ್ಕ ಇದು. ೨೦೦೧ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು ೧೬,೦೭೧. ೨೦೧೧ರಲ್ಲಿ ೧೪,೭೯೪. ಆ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಹೆಚ್ಚಿತು, ಇವರದು ಕಡಿಮೆಯಾಯಿತು. ಅಪೌಷ್ಟಿಕತೆ, ರಕ್ತಹೀನತೆ, ಕ್ಷಯ, ಸಾರಾಯಿ ಅಂತ ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಕೇಂದ್ರ ಸರ್ಕಾರ ಇವರನ್ನು ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದೆ. ಪೀರ್ ವರದಿಯ ಎರಡೂವರೆ ಎಕರೆ ಬಹುಪಾಲು ಕುಟುಂಬಗಳಿಗೆ ಇನ್ನೂ ಕಾಗದದಲ್ಲೇ ಉಂಟು. ಕೆಲವೆಡೆ ಒಂದೆಕರೆ, ಅರ್ಧ ಎಕರೆ ಸಿಕ್ಕಿದೆ, ಅದೂ ಗುಡ್ಡದ ಮುರಕಲ್ಲಿನ ಮೇಲೆ. ಜಿಲ್ಲಾಧಿಕಾರಿ ಕಚೇರಿಯ ಎದುರು ಧರಣಿ ಕೂತಾಗಲೂ ಅವರು ಕೇಳುವುದು ಈ ಎರಡೂವರೆ ಎಕರೆಯನ್ನೇ.

ಕರೆಯಲ್ಲಿ ಓಡಿದವರು, ಪನಿಯಲ್ಲಿ ಕೂತವರು ಕೆಲವರು ಇನ್ನೂ ಬದುಕಿದ್ದಾರೆ. ವಯಸ್ಸಾಗಿದೆ. ಎಷ್ಟೋ ಜನ ಆ ಮಾತೆತ್ತಿದರೆ ಸುಮ್ಮನಾಗುತ್ತಾರೆ, ಮಕ್ಕಳೆದುರು ಹೇಳಲಿಕ್ಕೆ ನಾಚುತ್ತಾರೆ. ಕಾರ್ಕಳ, ಕಾಪು, ಉಡುಪಿ ಕಡೆಯ ಹಳ್ಳಿ ಶಾಲೆಗಳ ಮಾಸ್ಟ್ರುಗಳಲ್ಲಿ, ಟೀಚರುಗಳಲ್ಲಿ, ಕಾಲೇಜಿನ ಗೆಳೆಯರಲ್ಲಿ ನಾವು ಕೇಳುವುದು ಇಷ್ಟೇ. ನಿಮ್ಮೂರಿನ ಕಂಬಳದ ಗದ್ದೆ ಯಾವುದಿತ್ತು, ಯಾವ ವರ್ಷದ ತನಕ ಪನಿಕುಲ್ಲುನಿ ನಡೆಯಿತು, ಯಾರು ನಿಲ್ಲಿಸಿದರು, ನಿಲ್ಲಿಸಿದಾಗ ಏನಾಯಿತು ಅಂತ ಅವರ ಬಾಯಲ್ಲೇ ಕೇಳಿ, ಅವರ ಒಪ್ಪಿಗೆ ಇದ್ದರೆ, ಅವರ ಮಾತಿನಲ್ಲೇ ಬರೆದುಕೊಳ್ಳಿ. ತುಳುವಾದರೆ ತುಳುವಿನಲ್ಲಿ, ಕೊರಗ ಭಾಷೆಯಾದರೆ ಆ ಭಾಷೆಯಲ್ಲಿ. ಹೆಸರು ಬೇಡ ಅಂದರೆ ಹೆಸರು ಹಾಕಬೇಡಿ. ಇಸವಿ ಮಾತ್ರ ಬಿಡಬೇಡಿ.